ಅಮ್ಮನ ಸೊಂಟಕ್ಕೆ ಫೋನ್ ಕಟ್ಟಿ 12 ದಿನ ವಾಕಿಂಗ್ ಕಳಿಸಿದೆ, ಒಂದು ಜಾಗದ್ದು ಅರ್ಥನೇ ಆಗ್ತಿಲ್ಲ, ಗೊತ್ತಿರೋರು ಹೇಳಿ

ಗೂಬೆ_ಬೆಂಗ್ಳೂರು
ನಮ್ಮಮ್ಮಂಗೆ 74. ಎರಡೂ ಮಂಡಿ ನೋವು, ಆದ್ರೂ ಬೆಳಗ್ಗೆ ದೇವಸ್ಥಾನಕ್ಕೆ ಹೋಗೋದು ಬಿಡಲ್ಲ. ಮನೆಯಿಂದ ಸುಮಾರು 600 ಮೀಟರ್, ವಾಪಸ್ ಬರ್ತಾ ನಂದಿನಿ ಬೂತಲ್ಲಿ ಅರ್ಧ ಲೀಟರ್ ಹಾಲು, ಇಷ್ಟೇ ಅವರ ಪ್ರಪಂಚ. ಹೋದ ತಿಂಗಳು ಎರಡು ಸಲ ಎಡವಿದ್ರು, ಬೀಳ್ಲಿಲ್ಲ ಪುಣ್ಯಕ್ಕೆ, ಆದ್ರೆ ಹೆದರ್ಕೊಂಡ್ಬಿಟ್ರು. ಎಲ್ಲಿ ಎಡವಿದ್ದು ಅಂತ ಕೇಳಿದ್ರೆ "ಅಲ್ಲೇ ಕಣೋ, ಆ ಕಡೆ" ಅಂತಾರೆ. ಯಾವ ಕಡೆ ಅಂದ್ರೆ "ಹೋಗೋ ದಾರೀಲಿ". ಸರಿ ಇವರತ್ರ ಇಷ್ಟೇ ಅಂತ ಹಳೇ ಫೋನ್ ಒಂದನ್ನ ಸೊಂಟದ ಪೌಚಲ್ಲಿ ಹಾಕಿ ಫೈಫಾಕ್ಸ್ ಅಂತ ಆಪ್ ಇದೆ ನೋಡಿ, ಜರ್ಮನಿಯ ಆಖೆನ್ ಯೂನಿವರ್ಸಿಟಿಯವರು ಮಾಡಿದ್ದು, ಫ್ರೀ, ಅದರಲ್ಲಿ ಆಕ್ಸಿಲರೋಮೀಟರ್ (ಮೈ ಅಲುಗಾಟ ಅಳೆಯೋ ಸೆನ್ಸರ್) ಮತ್ತೆ ಲೊಕೇಶನ್ ಎರಡೂ ರೆಕಾರ್ಡ್ ಮಾಡೋಕೆ ಬಿಟ್ಟೆ. ಕೈಗೆ ಎದೆಬಡಿತ ಅಳೆಯೋ ಬ್ಯಾಂಡ್ ಒಂದು, ಗಾಬರಿ ಆದ್ರೆ ಗೊತ್ತಾಗ್ಲಿ ಅಂತ. 12 ದಿನ. ಒಂದಿನ ಅಮ್ಮನ ಕೈ ತಾಗಿ ರೆಕಾರ್ಡಿಂಗ್ ನಿಂತೋಗಿತ್ತು, ಹಾಗಾಗಿ 11 ದಿನದ ಡೇಟಾ ಇದೆ.

ಒಂದೊಂದು ಹೆಜ್ಜೆಗೂ ಗ್ರಾಫಲ್ಲಿ ಒಂದು ಚೂಪು ಏಳುತ್ತೆ. ಚೂಪಿಂದ ಚೂಪಿಗೆ ಎಷ್ಟು ಹೊತ್ತು ಅಂತ ಲೆಕ್ಕ ಹಾಕಿದ್ರೆ ಒಳ್ಳೇ ರಸ್ತೇಲಿ ಗಡಿಯಾರದ ಥರ ಒಂದೇ ಸಮ ಬರುತ್ತೆ, ಕಾಲಿಗೆ ಅನುಮಾನ ಬಂದ ಕಡೆ ಏರುಪೇರಾಗುತ್ತೆ. ಮೂರು ಜಾಗ ದಿನಾ ಕಾಣಿಸ್ತು.

ಒಂದು, ಮೋರಿ ಮೇಲಿನ ಚಪ್ಪಡಿಗಳು, ಒಂದು ಚಪ್ಪಡಿ ಕಾಲಿಟ್ರೆ ಅಲ್ಲಾಡುತ್ತೆ. ಇದು ನಿರೀಕ್ಷೆ ಮಾಡಿದ್ದೆ. ಎರಡು, ಟ್ರಾನ್ಸ್‌ಫಾರ್ಮರ್ ಇರೋ ಜಾಗ, ಅಲ್ಲಿ ಫುಟ್‌ಪಾತ್ ಇಳಿದು ರಸ್ತೆಗೆ ಹೋಗಿ ಮತ್ತೆ ಹತ್ತಬೇಕು, ಟೇಪ್ ಹಿಡಿದು ಅಳೆದೆ, 27 ಸೆಂಟಿಮೀಟರ್ ಎತ್ತರ! ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 103 ಅಂತ ಪಾದಚಾರಿಗಳಿಗೆ ಅಂತಲೇ ಇರೋ ಗೈಡ್‌ಲೈನ್ ಪ್ರಕಾರ 15 ಸೆಂಟಿಮೀಟರ್ ದಾಟಬಾರ್ದು. ಇದೂ ಓಕೆ.

ಮೂರನೇದು ಅರ್ಥ ಆಗ್ತಿಲ್ಲ. ಹೋದ ವರ್ಷ ಹೊಸದಾಗಿ ಟೈಲ್ಸ್ ಹಾಕಿರೋ ಸುಮಾರು 40 ಮೀಟರ್. ಇಡೀ ದಾರೀಲಿ ಅದೇ ಬೆಸ್ಟ್ ಜಾಗ ಸ್ವಾಮಿ, ಗುಂಡಿ ಇಲ್ಲ, ಗಾಡಿ ನಿಲ್ಸಲ್ಲ, ಮಟ್ಟಸ. ಆದ್ರೆ ಅಲ್ಲೇ ಅಮ್ಮನ ಹೆಜ್ಜೆ ಚಿಕ್ಕದಾಗುತ್ತೆ, ಬೇರೆ ಕಡೆ ಸೆಕೆಂಡಿಗೆ 0.85 ಮೀಟರ್ ನಡೆಯೋರು ಅಲ್ಲಿ 0.5ಕ್ಕೆ ಇಳೀತಾರೆ. 11 ದಿನದಲ್ಲಿ 11 ದಿನಾನೂ. ಎದೆಬಡಿತ ಮಾತ್ರ ಏನೂ ಏರಲ್ಲ. ಅಮ್ಮನ್ನ ಕೇಳಿದ್ರೆ "ಅಲ್ಲೇನಿಲ್ಲ, ಚೆನ್ನಾಗಿದೆ". ಏನಿರಬಹುದು?

ಫೇಡಾ_ಪ್ರೇಮಿ
ಅಲ್ರೀ, ತಾಯಿನ ಪರೀಕ್ಷಾ ಇಲಿ ಮಾಡೀರಲ್ಲ 😄 ನಾಯಿ ಇರ್ಬೇಕು ನೋಡ್ರಿ. ನಮ್ಮ ಓಣ್ಯಾಗ ಒಂದು ಕಂದು ನಾಯಿ ಐತಿ, ಏನೂ ಮಾಡಂಗಿಲ್ಲ, ಸುಮ್ನ ಮಲಗಿರ್ತದ, ಆದ್ರ ನಮ್ಮ ಅಪ್ಪಾರು ಅದರ ಹತ್ರ ಬಂದ ಕೂಡ್ಲೆ ಕೋಲು ಗಟ್ಟಿ ಹಿಡೀತಾರ.

ಗೂಬೆ_ಬೆಂಗ್ಳೂರು
ನಾಯಿ ನೋಡ್ದೆ ಸರ್, ಇಲ್ಲ. ಎರಡು ಸಲ ಹೋಗಿ ನಿಂತು ನೋಡ್ಕೊಂಡ್ ಬಂದೆ.

ಸೊಸೆ_ನಂಬರ್1
ಟೈಲ್ಸ್ ನುಣುಪಾಗಿದ್ಯಾ? ನೀವು ಹೋಗಿ ನೋಡಿದ್ದು ಎಷ್ಟು ಗಂಟೆಗೆ?

ಗೂಬೆ_ಬೆಂಗ್ಳೂರು
ಆಫೀಸಿಂದ ಬಂದ್ಮೇಲೆ, ಏಳು ಏಳೂವರೆ. ಒಂದು ಸಲ ಭಾನುವಾರ ಹನ್ನೊಂದಕ್ಕೆ. ನುಣುಪು ಹೌದು, ಮನೆ ಒಳಗೆ ಹಾಕ್ತಾರಲ್ಲ ಹೆಚ್ಚುಕಮ್ಮಿ ಆ ಥರ.

ಸೊಸೆ_ನಂಬರ್1
ಅಮ್ಮ ಹೋಗೋದು ಬೆಳಗ್ಗೆ, ನೀವು ನೋಡೋದು ಸಂಜೆ 🤦‍♀️ ಬೆಳಗ್ಗೆ ಆರು ಗಂಟೆಗೆ ಹೋಗಿ ನೋಡಿ, ಎಲ್ರೂ ಬಾಗ್ಲಿಗೆ ನೀರು ಹಾಕೋ ಹೊತ್ತು.

ಗೂಬೆ_ಬೆಂಗ್ಳೂರು
ಅಯ್ಯೋ.

(ಮಾರನೇ ದಿನ)
ಹೋಗಿ ಬಂದೆ. ನೀವು ಹೇಳಿದ್ದು ನೂರಕ್ಕೆ ನೂರು. 6.15ಕ್ಕೆ ನಾಲ್ಕು ಮನೆಯವರು ಸಾಲಾಗಿ ತೊಳೀತಿದ್ರು, ಒಬ್ರು ಕಾರು ಬೇರೆ, ನೀರೆಲ್ಲ ಟೈಲ್ಸ್ ಮೇಲೆ ಹರಿದು ಕನ್ನಡಿ ಥರ ಹೊಳೀತಿತ್ತು. ನನಗೇ ಶೂ ಜಾರ್ತು. ಮನೆಗೆ ಬಂದು ಅಮ್ಮನ್ನ ಕೇಳ್ದೆ ಅಲ್ಲಿ ನೀರಿರುತ್ತಲ್ಲ ಯಾಕೆ ಹೇಳ್ಲಿಲ್ಲ ಅಂತ. "ಅದರಲ್ಲಿ ಹೇಳೋದೇನಿದೆ, ಬೆಳಗ್ಗೆ ಬಾಗ್ಲಿಗೆ ನೀರು ಹಾಕ್ಬಾರ್ದಾ ಜನ" ಅಂದ್ರು. ಅವರ ಲೆಕ್ಕದಲ್ಲಿ ಅದು ತೊಂದರೆನೇ ಅಲ್ಲ, ಮಂಗಳಕರ. ಕಾಲಿಗೆ ಗೊತ್ತಿದೆ, ಬಾಯಿಗೆ ಬರಲ್ಲ.

ಔಷಧಿ_ಅಂಗಡಿ
ಎದೆಬಡಿತ ಏರ್ಲಿಲ್ಲ ಅಂದ್ರಲ್ಲ, ತಾಯಿಗೆ ಬಿಪಿ ಇದ್ಯಾ? ಯಾವ ಮಾತ್ರೆ?

ಗೂಬೆ_ಬೆಂಗ್ಳೂರು
ಮೆಟೊಪ್ರೊಲಾಲ್, ಬೆಳಗ್ಗೆ ಒಂದು.

ಔಷಧಿ_ಅಂಗಡಿ
ಅಲ್ಲಿಗೆ ಆಯ್ತು. ಮೆಟೊಪ್ರೊಲಾಲ್, ಅಟೆನೊಲಾಲ್ ಇವೆಲ್ಲ ಬೀಟಾ ಬ್ಲಾಕರ್ ಜಾತಿ, ಹೃದಯ ವೇಗವಾಗಿ ಬಡ್ಕೊಳ್ದೆ ಇರೋ ಹಾಗೆ ಹಿಡಿದಿಡೋದೇ ಅದರ ಕೆಲ್ಸ. ಹುಲಿ ಬಂದ್ರೂ ನಿಮ್ಮ ಬ್ಯಾಂಡಲ್ಲಿ ದೊಡ್ಡ ಬದಲಾವಣೆ ಕಾಣದೇ ಇರಬಹುದು. ನಮ್ಮ ಅಂಗಡಿಗೆ ಬರೋ ವಯಸ್ಸಾದೋರ ಚೀಟೀಲಿ ಇದು ಎಷ್ಟು ಸಲ ಇರುತ್ತೆ ಅಂತ ನಂಗೊತ್ತು, ಅದಕ್ಕೆ ವಯಸ್ಸಾದೋರ ಭಯನ ಎದೆಬಡಿತದಿಂದ ಅಳೀತೀವಿ ಅನ್ನೋರು ಮೊದ್ಲು ಮಾತ್ರೆ ಡಬ್ಬಿ ನೋಡ್ಬೇಕು. ಮಾತ್ರೆ ಮಾತ್ರ ನಿಲ್ಸೋಕೆ ಹೋಗ್ಬೇಡಿ ಮತ್ತೆ, ಡೇಟಾ ಚೆನ್ನಾಗ್ ಬರ್ಲಿ ಅಂತ.

ಲ್ಯಾಬ್_ಇಲಿ
ಒಳ್ಳೇ ಪಾಯಿಂಟ್. ನಾನು ಪಿಎಚ್‌ಡಿ ಮಾಡ್ತಿರೋದು ಇದರ ಪಕ್ಕದ ವಿಷಯದಲ್ಲೇ, ಸ್ವಲ್ಪ ಸೇರಿಸ್ತೀನಿ. ಎದೆಬಡಿತ ಕೈಕೊಟ್ರೆ ಚರ್ಮದ ಬೆವರು ನೋಡೋದು ಒಂದು ದಾರಿ. ಗಾಬರಿ ಆದಾಗ ಅಂಗೈ ಬೆವರುತ್ತಲ್ಲ, ಅಷ್ಟು ಸಣ್ಣ ಬೆವರಿಗೂ ಚರ್ಮದಲ್ಲಿ ವಿದ್ಯುತ್ ಹರಿಯೋದು ಬದಲಾಗುತ್ತೆ, ಅದನ್ನ ಮೈಕ್ರೋಸೀಮೆನ್ಸ್ ಲೆಕ್ಕದಲ್ಲಿ ಅಳೀತಾರೆ. ಬೆವರಿನ ಗ್ರಂಥಿಗೆ ಹೋಗೋ ನರದ ಕೆಲಸಕ್ಕೆ ಬೀಟಾ ಬ್ಲಾಕರ್ ನೇರ ಅಡ್ಡ ಬರಲ್ಲ, ಅದೊಂದು ಅನುಕೂಲ. ಆದ್ರೆ ತಲೆನೋವೂ ಸಾಕಷ್ಟಿದೆ, ಮಂಗಳೂರಲ್ಲಿ ಏಪ್ರಿಲ್ ತಿಂಗಳಲ್ಲಿ ಸುಮ್ನೆ ನಿಂತ್ರೂ ಬೆವರು, ಅದು ಭಯದ ಬೆವರೋ ಬಿಸಿಲಿನ ಬೆವರೋ ಬೇರೆ ಮಾಡ್ಬೇಕು. ವಯಸ್ಸಾದಂತೆ ಚರ್ಮ ಒಣಗಿ ಸಿಗ್ನಲ್ಲೇ ಕಮ್ಮಿ ಬರುತ್ತೆ. ಹಳೇ ಸಕ್ಕರೆ ಕಾಯಿಲೆಯಿಂದ ನರ ಹೋಗಿದ್ರೆ ಇನ್ನೂ ಕಮ್ಮಿ. ಮತ್ತೆ ಗಾಬರಿ ಆಗಿ ಒಂದರಿಂದ ಮೂರು ಸೆಕೆಂಡ್ ಆದ್ಮೇಲೆ ಸಿಗ್ನಲ್ ಏಳೋದು, ಅಷ್ಟರಲ್ಲಿ ಮನುಷ್ಯ ಒಂದೆರಡು ಮೀಟರ್ ಮುಂದೆ ಹೋಗಿರ್ತಾನೆ.

ಅದಕ್ಕೇ ಟೆಕ್ಸಾಸ್ ಎ ಅಂಡ್ ಎಂ ಯೂನಿವರ್ಸಿಟೀಲಿ ಇದ್ದಾಗ ಚಾಂಗ್‌ಬಮ್ ಆನ್ ಅವರ ತಂಡದವರು ಹಿಡಿದ ದಾರಿ ನಂಗಿಷ್ಟ. ಒಬ್ಬರ ಡೇಟಾ ನಂಬಬೇಡಿ, ಒಂದೇ ದಾರೀಲಿ ತುಂಬಾ ಜನ ನಡೆದ ಡೇಟಾನ ಮ್ಯಾಪ್ ಮೇಲೆ ಒಂದರ ಮೇಲೊಂದು ಇಟ್ಟು ನೋಡಿ. ಒಬ್ಬರಿಗೆ ಸೊಸೆ ನೆನಪಾಗಿ ಗಾಬರಿ ಆಗಿರ್ಬಹುದು (ನಂಬರ್1 ಮೇಡಂ ಕ್ಷಮಿಸಿ), ಇನ್ನೊಬ್ಬರಿಗೆ ಫೋನ್ ಬಂದಿರ್ಬಹುದು, ಅವೆಲ್ಲ ಬೇರೆ ಬೇರೆ ಜಾಗದಲ್ಲಿ ಚೆದುರಿಹೋಗುತ್ತೆ. ಎಲ್ಲರ ಮೈಯೂ ಒಂದೇ ಜಾಗದಲ್ಲಿ ಬೆಚ್ಚಿದ್ರೆ ಆಗ ತಪ್ಪು ಜಾಗದ್ದು.

ನಿಮ್ಮ ಬ್ಯಾಂಡಿನ ಪಟ್ಟಿ ಸಡಿಲ ಇತ್ತಾ? ಸಡಿಲ ಇದ್ರೆ ಕೆಲವು ಬ್ಯಾಂಡು ಹೆಜ್ಜೆ ತಾಳವನ್ನೇ ಎದೆಬಡಿತ ಅಂತ ಓದ್ಬಿಡುತ್ತೆ. ಸೊಂಟದ ಡೇಟಾನೇ ಹೆಚ್ಚು ನಂಬಿಕೆಗೆ ಯೋಗ್ಯ. ಜಿಪಿಎಸ್ ಮಾತ್ರ ಮರ, ಕಟ್ಟಡ ಇರೋ ಕಡೆ ಐದ್ಹತ್ತು ಮೀಟರ್ ಆಚೀಚೆ ಆಗುತ್ತೆ, ರಸ್ತೆಯ ಯಾವ ಬದಿ ಅನ್ನೋದೇ ತಪ್ಪಾಗ್ಬಹುದು.

ಕುಡ್ಲದ_ಕೊಡೆ
ಏಪ್ರಿಲ್ ಬಿಡಿ ಮಾರಾಯ್ರೆ, ಜುಲೈಯಲ್ಲಿ ಬನ್ನಿ ನಮ್ಮಲ್ಲಿಗೆ. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಊರುಗೋಲು, ಚೀಲ ಹಿಡಿಲಿಕ್ಕೆ ಮೂರನೇ ಕೈ ಬೇಕು. ಇಳಿಜಾರು ರಸ್ತೆ, ಬದಿಯಲ್ಲಿ ಪಾಚಿ. ನೀವು ಜನವರಿಯಲ್ಲಿ ಮಾಡಿದ ಮ್ಯಾಪ್ ತೋರಿಸಿ ಈ ದಾರಿ ಸೇಫ್ ಅಂದ್ರೆ ನಮ್ಮ ಅಜ್ಜಿ ನಿಮ್ಮನ್ನೇ ಮೊದಲು ಕಳಿಸ್ತಾರೆ ಆ ದಾರಿಯಲ್ಲಿ.

ನನ್ನ ತಂದೆಗೆ ಬಿದ್ರೆ ತಾನಾಗಿಯೇ ಫೋನ್ ಮಾಡುವ ವಾಚ್ ತಂದು ಕೊಟ್ಟಿದ್ದೆ. ತೆಂಗಿನಕಾಯಿ ಒಡೀತಾ ಇದ್ರು, ಕೈ ಜೋರಾಗಿ ಬೀಸಿದ್ದಷ್ಟೆ, ವಾಚ್ ಕೇಳ್ತದೆ ನೀವು ಬಿದ್ದಿದ್ದೀರಾ ಅಂತ. ಅಪ್ಪ ಹೇಳ್ತಾರೆ "ಬಿದ್ದದ್ದು ನಾನಲ್ಲ, ಕಾಯಿ". ಈಗ ವಾಚ್ ಕಪಾಟಿನಲ್ಲಿ ಉಂಟು.

ಗೂಬೆ_ಬೆಂಗ್ಳೂರು
😂😂 ಆದ್ರೆ ನೋಡಿ, ಅದು ಬಿದ್ದಮೇಲೆ ಹೇಳೋ ಸೆನ್ಸರ್. ನಂಗೆ ಬೇಕಿರೋದು ಬೀಳೋಕೆ ಮುಂಚೆ ರಸ್ತೆ ಬಗ್ಗೆ ಹೇಳೋದು.

ಸಿಂಗಾಪುರ_ಸುಬ್ಬಿ
ನಾನಿರೋ ಕಡೆ ಮೈಮೇಲೆ ಏನೂ ಕಟ್ಕೊಳ್ದೆ ಒಂದು ಕೆಲ್ಸ ಮಾಡಿದಾರೆ, ಹೇಳ್ತೀನಿ. ಗ್ರೀನ್ ಮ್ಯಾನ್ ಪ್ಲಸ್ ಅಂತ, 2009ರಲ್ಲಿ ಶುರುವಾಗಿದ್ದು. ಹಿರಿಯರು ತಮ್ಮ ಬಸ್ ಕಾರ್ಡನ್ನ ಸಿಗ್ನಲ್ ಕಂಬಕ್ಕೆ ತಾಗಿಸಿದ್ರೆ ದಾಟೋಕೆ ಹಸಿರು ದೀಪ 3ರಿಂದ 13 ಸೆಕೆಂಡ್ ಜಾಸ್ತಿ ಉರಿಯುತ್ತೆ, ರಸ್ತೆ ಅಗಲದ ಮೇಲೆ. ನಮ್ಮತ್ತೆ ಊರಿಂದ ಬಂದಾಗ ಅವರ ಹತ್ರ ಆ ಕಾರ್ಡ್ ಇರ್ಲಿಲ್ಲ, ಪಕ್ಕದಲ್ಲಿದ್ದ ಚೀನೀ ಅಜ್ಜಿ ತಾಗಿಸಿದ್ರು, ಇಬ್ರೂ ಕೈ ಕೈ ಹಿಡ್ಕೊಂಡು ದಾಟಿದ್ರು, ಭಾಷೆ ಒಂದಕ್ಷರ ಗೊತ್ತಿಲ್ಲ.

ಲ್ಯಾಬ್_ಇಲಿ
ಇದರ ಹಿಂದಿನ ಲೆಕ್ಕ ಸರಳ. ಸಿಗ್ನಲ್ ಡಿಸೈನ್ ಮಾಡೋವಾಗ ಜನ ಸೆಕೆಂಡಿಗೆ 1.2 ಮೀಟರ್ ನಡೀತಾರೆ ಅಂತ ಹಿಡಿಯೋದು ಹಳೇ ರೂಢಿ. 12 ಮೀಟರ್ ರಸ್ತೆಗೆ 10 ಸೆಕೆಂಡ್. ನಮ್ಮ ಗೂಬೆಯವರ ತಾಯಿ 0.85, ಅವರಿಗೆ 14 ಸೆಕೆಂಡ್ ಬೇಕು. ಆ ನಾಲ್ಕು ಸೆಕೆಂಡ್ ಅವರು ರಸ್ತೆ ಮಧ್ಯೆ ಇರ್ತಾರೆ, ಬೈಕುಗಳು ಆಗ್ಲೇ ರೈಸ್ ಮಾಡ್ತಿರ್ತವೆ. ಅಮೆರಿಕದವರು 2009ರಲ್ಲಿ ಇದನ್ನ ಸುಮಾರು 1.07ಕ್ಕೆ ಇಳಿಸಿದ್ರು. ನಮ್ಮ ಊರಿನ ಒಂದೊಂದು ಸಿಗ್ನಲ್ ಹತ್ರ ನಿಜವಾಗ್ಲೂ ದಾಟೋ ವಯಸ್ಸಾದೋರ ವೇಗ ಎಷ್ಟು ಅಂತ ಸೊಂಟದ ಸೆನ್ಸರಿಂದ ಸಿಕ್ರೆ ಅದೊಂದೇ ನಂಬರಿಗೆ ಎಷ್ಟೋ ಬೆಲೆ ಇದೆ.

ಫೇಡಾ_ಪ್ರೇಮಿ
ನಮ್ಮ ಹುಬ್ಬಳ್ಳಿ ಧಾರವಾಡದಾಗ ಚಿಗರಿ ಬಸ್ ಸ್ಟಾಪು ರಸ್ತೆ ನಡುವ ಇರ್ತಾವ್ರೀ. ಬಸ್ ಏನೋ ಛಲೋನ, ಏಸಿ, ಬಸ್ಸಿನ ನೆಲಕ್ಕ ಸಮ ಪ್ಲಾಟ್‌ಫಾರ್ಮ್, ನಮ್ಮ ಅಪ್ಪಾರು ಮೆಟ್ಲಾ ಹತ್ತೂದ ಬ್ಯಾಡ. ಆದ್ರ ಬಸ್ಸಿಗೆ ಹೋಗಾಕ ಮೊದಲ ಅರ್ಧಾ ರಸ್ತೆ ದಾಟಬೇಕಲ್ಲ. ಅವರಿಗೆ ಬಸ್ ಹತ್ತೂದು ಸುಲಭ, ಬಸ್ಸಿಗೆ ಮುಟ್ಟೂದು ಕಷ್ಟ.

ರಿಟೈರ್ಡ್_ಮೇಷ್ಟ್ರು
ಎಲ್ಲರದೂ ಓದಿದೆ. ನನಗೆ 71. ನೀವೆಲ್ಲ ಯಾರ ಬಗ್ಗೆ ಮಾತಾಡುತ್ತಿದ್ದೀರೋ ಆ ಪಾರ್ಟಿ ನಾನೇ. ನನ್ನ ಮಗ ಕೂಡ ಕೈಗೆ ಒಂದು ಕಟ್ಟಿದ್ದಾನೆ, ಅಮೆರಿಕದಲ್ಲಿ ಕೂತು ನೋಡುತ್ತಾನೆ. ಮೊನ್ನೆ ವಾಕಿಂಗ್ ಮುಗಿಸಿ ಹೋಟೆಲಲ್ಲಿ ಕಾಫಿ ಜೊತೆ ಒಂದು ವಡೆ ತಿಂದೆ, ರಾತ್ರಿ ಫೋನು, "ಅಪ್ಪ 25 ನಿಮಿಷ ಅಲ್ಲೇನು ಮಾಡ್ತಿದ್ರಿ". 36 ವರ್ಷ ಮಕ್ಕಳ ಹಾಜರಿ ತೆಗೆದುಕೊಂಡವನು ನಾನು, ಈಗ ನನ್ನ ಹಾಜರಿ. ಸೆನ್ಸರ್ ರಸ್ತೆಯ ತಪ್ಪು ಹಿಡಿಯುತ್ತದೋ ನನ್ನ ತಪ್ಪು ಹಿಡಿಯುತ್ತದೋ ಅನ್ನುವುದು ಮೊದಲು ತೀರ್ಮಾನವಾಗಲಿ. ನಾನು ನಿಧಾನ ನಡೆದೆ ಅಂತ ಡೇಟಾ ಬಂದರೆ ನೀವು ರಸ್ತೆ ರಿಪೇರಿ ಮಾಡಿಸುತ್ತೀರೋ, "ಅಪ್ಪ ಇನ್ಮೇಲೆ ಒಬ್ರೇ ಹೋಗ್ಬೇಡಿ" ಅನ್ನುತ್ತೀರೋ? ನನಗೆ ಉತ್ತರ ಗೊತ್ತಿದೆ.

ಗೂಬೆ_ಬೆಂಗ್ಳೂರು
ಸರ್ ಇದಕ್ಕೆ ಸತ್ಯ ಹೇಳ್ಬಿಡ್ತೀನಿ, ಮೊದಲ ದಿನದ ಗ್ರಾಫ್ ನೋಡಿ ನನ್ನ ಬಾಯಲ್ಲಿ ಬಂದಿದ್ದು ಅದೇ ಮಾತು. ಹಾಲು ನಾನೇ ತರ್ತೀನಿ ಬಿಡಿ ಅಂದೆ. ಅಮ್ಮ ಎರಡು ದಿನ ಮಾತಾಡ್ಲಿಲ್ಲ.

ಲ್ಯಾಬ್_ಇಲಿ
ಮೇಷ್ಟ್ರೇ, ಸರಿಯಾದ ಪ್ರಶ್ನೆ. ಒಪ್ಪಿಗೆ ಕೊಡೋರು ಕಟ್ಕೊಳ್ಳೋರೇ ಆಗ್ಬೇಕು, ಮಗ ಅಲ್ಲ. 2023ರ ಡೇಟಾ ರಕ್ಷಣೆ ಕಾಯ್ದೇಲೂ ಒಪ್ಪಿಗೆ ವಾಪಸ್ ತಗೊಳೋ ಹಕ್ಕಿದೆ. ಇನ್ನೊಂದು, ರಸ್ತೆ ಮ್ಯಾಪ್ ಮಾಡೋಕೆ ಹೆಸರೂ ಬೇಡ, ಮನೆ ಎಲ್ಲಿ ಅಂತಾನೂ ಬೇಡ, ದಾರಿಯ ಶುರು ಮತ್ತು ಕೊನೆ 50 ಮೀಟರ್ ಕತ್ತರಿಸಿ ಬಿಸಾಕಿದ್ರಾಯ್ತು. ಲೈವ್ ಅಂತೂ ಬೇಡವೇ ಬೇಡ.

ಸೊಸೆ_ನಂಬರ್1
ನನ್ನದೊಂದು ಕೇಳಿ. ನಾವು ಮೈಸೂರು. ನಮ್ಮ ಮಾವ ಮೂರು ವರ್ಷದ ಹಿಂದೆ ದಿನಾ ಸಂಜೆ ಪಾರ್ಕಿಗೆ ಹೋಗೋರು, ಸ್ನೇಹಿತರು, ಹರಟೆ, ಎಲ್ಲ. ಆಮೇಲೆ ನಿಲ್ಲಿಸಿದ್ರು. ಮಂಡಿ ನೋವು ಅಂದ್ರು, ನಾವೂ ನಂಬಿದ್ವಿ, ಎಣ್ಣೆ ತಂದ್ವಿ, ಬೆಲ್ಟ್ ತಂದ್ವಿ. ನಿಜ ಗೊತ್ತಾಗಿದ್ದು ಮೊನ್ನೆ, ಅತ್ತೆ ಹೇಳಿದ್ರು. ಬಿಪಿಗೆ ಹೊಸದಾಗಿ ನೀರು ಹೋಗೋ ಮಾತ್ರೆ ಕೊಟ್ಟಿದಾರೆ, ಅರ್ಧ ಗಂಟೆಗೊಂದ್ಸಲ ಹೋಗ್ಬೇಕು, ಪಾರ್ಕಲ್ಲಿ ಟಾಯ್ಲೆಟ್ಟಿಗೆ ಬೀಗ. ಒಂದಿನ ಮನೆ ತನಕ ತಡ್ಕೊಳೋಕೆ ಆಗ್ಲಿಲ್ವಂತೆ. ಅವತ್ತಿಂದ ಹೋಗೇ ಇಲ್ಲ. ಯಾರಿಗೂ ಹೇಳಿಲ್ಲ.

ಈಗ ಮಾವನ ಸೊಂಟಕ್ಕೆ ನಿಮ್ಮ ಫೋನ್ ಕಟ್ಟಿದ್ರೆ ಏನು ಬರುತ್ತೆ ಹೇಳಿ? ಅಡುಗೆಮನೆ, ನಡುಮನೆ, ಜಗಲಿ, ಎಲ್ಲ ಕಡೆ ಸಮ ಹೆಜ್ಜೆ, ಒಂದು ಏರುಪೇರಿಲ್ಲ. ಪಾರ್ಕ್ ರಸ್ತೇಲಿ ಒಂದು ಕೆಂಪು ಚುಕ್ಕೆನೂ ಬರಲ್ಲ. ಆ ರಸ್ತೆ ತುಂಬಾ ಚೆನ್ನಾಗಿದೆ ಅಂತ ನೀವು ರಿಪೋರ್ಟ್ ಬರೀತೀರ.

ಗೂಬೆ_ಬೆಂಗ್ಳೂರು
ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಹೌದು, ಅಮ್ಮ ಮುಂಚೆ ದೇವಸ್ಥಾನದ ಹಿಂದೆ ಅವರ ಗೆಳತಿ ಮನೆಗೂ ಹೋಗೋರು. ಅದು ನನ್ನ ಡೇಟಾದಲ್ಲಿ ಇಲ್ವೇ ಇಲ್ಲ. ನಾನು ದಾರಿ ಅಂದ್ಕೊಂಡಿದ್ದು ಅವರು ಬಿಟ್ಟು ಬಿಟ್ಟು ಉಳಿದ ದಾರಿ.

ಔಷಧಿ_ಅಂಗಡಿ
ಮೇಡಂ, ಆ ಮಾತ್ರೆ ತಗೊಳೋ ಹೊತ್ತು ಬದಲಾಯಿಸೋಕೆ ಆಗುತ್ತಾ ಅಂತ ಡಾಕ್ಟರನ್ನ ಕೇಳಿ, ತುಂಬಾ ಜನಕ್ಕೆ ಬೆಳಗ್ಗೆ ಕೊಡ್ತಾರೆ, ಸಂಜೆ ಹೊತ್ತಿಗೆ ಅದರ ಜೋರು ಇಳಿದಿರುತ್ತೆ. ನೀವೇ ಬದಲಾಯಿಸ್ಬೇಡಿ, ಕೇಳಿ.

ಲ್ಯಾಬ್_ಇಲಿ
ಇದನ್ನ ನನ್ನ ಥೀಸಿಸಲ್ಲಿ ಎಲ್ಲಿ ಹಾಕ್ಲಿ ಅಂತ ಯೋಚಿಸ್ತಿದೀನಿ. ಮ್ಯಾಪಲ್ಲಿ ಕೆಂಪು ಜಾಗ ಅಂದ್ರೆ ಇನ್ನೂ ಧೈರ್ಯ ಮಾಡಿ ಹೋಗ್ತಿದಾರೆ ಅಂತ. ಖಾಲಿ ಜಾಗ ಅಂದ್ರೆ ಒಂದೋ ಕೆಲಸ ಇಲ್ಲ, ಇಲ್ಲಾ ಸೋತು ಬಿಟ್ಟಿದಾರೆ, ಎರಡೂ ಒಂದೇ ಥರ ಕಾಣುತ್ತೆ. ಅದನ್ನ ಬೇರೆ ಮಾಡೋಕೆ ಬಾಯಿಬಿಟ್ಟು ಕೇಳದೆ ಬೇರೆ ದಾರಿ ಇಲ್ಲ.

ಕುಡ್ಲದ_ಕೊಡೆ
ಕೇಳುವುದಾದ್ರೆ ಮಗ ಕೇಳಬಾರದು ಮಾರಾಯ್ರೆ. ಮೂತ್ರದ ವಿಷಯ ಮಗನತ್ರ ಯಾವ ಅಪ್ಪ ಹೇಳ್ತಾನೆ. ಅವರ ವಯಸ್ಸಿನವರೇ ಕೇಳಬೇಕು.

ಗೂಬೆ_ಬೆಂಗ್ಳೂರು
(ಒಂದು ವಾರ ಆದ್ಮೇಲೆ) ಅಪ್‌ಡೇಟ್ ಕೊಡ್ತೀನಿ. ಗ್ರಾಫ್ ಎಲ್ಲ ಪ್ರಿಂಟ್ ತಗೊಂಡು ವಾರ್ಡ್ ಆಫೀಸಿಗೆ ಹೋದೆ. ಅಲ್ಲಿನ ಇಂಜಿನಿಯರ್ ಪಾಪ ಕೂತು ನೋಡಿದ್ರು, "ಇದು ನಿಮ್ಮ ತಾಯೀದು ಸಾರ್, ಇದನ್ನ ಇಟ್ಕೊಂಡು ನಾನು ಎಸ್ಟಿಮೇಟ್ ಹೇಗೆ ಹಾಕ್ಲಿ" ಅಂದ್ರು. ಕೋಪ ಬಂತು, ಆಮೇಲೆ ಯೋಚನೆ ಮಾಡಿದ್ರೆ ಇಲಿಯವರು ಹೇಳಿದ್ದೂ ಅದೇ ತಾನೆ, ಒಬ್ಬರ ಡೇಟಾ ಸಾಲಲ್ಲ. ಆದ್ರೆ 27 ಸೆಂಟಿಮೀಟರ್ ಟೇಪ್ ಹಿಡಿದ ಫೋಟೋ ಮಾತ್ರ ಇಸ್ಕೊಂಡ್ರು. ಅಲ್ಲಾಡೋ ಚಪ್ಪಡಿಗೆ ನಮ್ಮ ಬೀದೀಲಿ ಮನೆ ಕಟ್ತಿರೋ ಗಾರೆ ಕೆಲಸದವರೇ ಅರ್ಧ ಬಾಂಡ್ಲಿ ಸಿಮೆಂಟ್ ಹಾಕಿ ಕೂರಿಸಿದ್ರು, ಟೀ ದುಡ್ಡು ಅಷ್ಟೇ. ಆಮೇಲಿನ ಗ್ರಾಫಲ್ಲಿ ಅಲ್ಲಿ ಹೆಜ್ಜೆ ಸರಿಹೋಗುತ್ತೆ ಅಂದ್ಕೊಂಡಿದ್ದೆ, ಹೋಗ್ಲಿಲ್ಲ! ಅಮ್ಮ ಇನ್ನೂ ಆ ಚಪ್ಪಡಿನ ದಾಟ್ಕೊಂಡೇ ಹೋಗ್ತಾರೆ. ಕಾಲು ನಂಬೋಕೆ ಟೈಮ್ ಬೇಕು ಅನ್ಸುತ್ತೆ.

ಟೈಲ್ಸ್ ವಿಷಯಕ್ಕೆ ಆ ನಾಲ್ಕು ಮನೆಯವರ ಹತ್ರ ನಾನು ಮಾತಾಡಿದ್ರೆ ಜಗಳ ಆಗೋದು, ಅಮ್ಮನೇ ಹೋಗಿ ಮಾತಾಡಿದ್ರು, ನಂಗೆ ಹೇಳ್ದೇನೇ. ಈಗ ಇಬ್ರು ನೀರು ಹಾಕಿದ್ಮೇಲೆ ಪೊರಕೇಲಿ ರಸ್ತೆ ಕಡೆ ತಳ್ತಾರೆ. ಕಾರಿನವರು ಇಲ್ಲ.

ಹಾಂ ಮತ್ತೆ, ಒಂದಿನ ಅಮ್ಮನ್ನ ಸೇಂಟ್ ಮಾರ್ಕ್ಸ್ ರೋಡಿಗೆ ಕರ್ಕೊಂಡ್ ಹೋಗಿದ್ದೆ, ಟೆಂಡರ್‌ಶೂರ್ ಅನ್ನೋ ರಸ್ತೆ ಯೋಜನೇಲಿ ಮಾಡಿದ ಫುಟ್‌ಪಾತ್ ಇದೆಯಲ್ಲ ಅಗಲದ್ದು. ಗ್ರಾಫ್ ಸ್ಕೇಲಿಟ್ಟು ಗೆರೆ ಎಳೆದಂಗೆ ಬಂತು. "ಚೆನ್ನಾಗಿದೆ, ಇಲ್ಲಿ ದೇವಸ್ಥಾನ ಎಲ್ಲಿದೆ" ಅಂತ ಕೇಳಿದ್ರು.

ಈಗ ಪ್ಲಾನ್ ಏನಂದ್ರೆ, ನಮ್ಮ ಲೇಔಟಲ್ಲೇ ಏಳೆಂಟು ಜನ ಹಿರಿಯರು, ಎರಡು ವಾರ, ಸೊಂಟದ ಪೌಚ್ ಮಾತ್ರ, ಕೈ ಬ್ಯಾಂಡ್ ಇಲ್ಲ, ಲೈವ್ ಇಲ್ಲ, ಡೇಟಾ ಅವರ ಫೋನಲ್ಲೇ ಇರುತ್ತೆ, ಕೊಡ್ಬೇಕು ಅನ್ಸಿದ್ರೆ ಕೊಡ್ಲಿ. ಅದರ ಜೊತೆ ಒಂದೇ ಪ್ರಶ್ನೆ, "ಮುಂಚೆ ಹೋಗ್ತಿದ್ದು ಈಗ ಹೋಗದೇ ಇರೋ ಜಾಗ ಯಾವುದು". ಅದನ್ನ ಕೇಳೋಕೆ ಅವರ ವಯಸ್ಸಿನವರೇ ಒಬ್ರು ಬೇಕು. ಮೇಷ್ಟ್ರೇ, ನೀವು ನಮ್ಮ ಏರಿಯಾದವರೇ ಅಂತ ವಡೆ ಹೋಟೆಲ್ ಗುರುತಲ್ಲಿ ಅಂದಾಜು ಮಾಡಿದೀನಿ 🙏

ಸೊಸೆ_ನಂಬರ್1
ಮೈಸೂರಲ್ಲೂ ಮಾಡ್ತೀನಿ. ಪಾರ್ಕಿನ ಬೀಗದ ಕೀ ಮಾಲಿ ಹತ್ರ ಇರುತ್ತಂತೆ, ಇವತ್ತು ಸಂಜೆ ಹೋಗಿ ಮಾತಾಡ್ತೀನಿ.

ಫೇಡಾ_ಪ್ರೇಮಿ
ಬಾಗ್ಲಾ ಮುಂದ ಒಂದು ಕಟ್ಟಿ ಕಟ್ಸಿದ್ರ ಅರ್ಧಾ ಸಮಸ್ಯೆ ಮುಗೀತದ ನೋಡ್ರಿ. ಮೊದಲ ಎಲ್ಲಾ ಮನಿ ಮುಂದ ಕಟ್ಟಿ ಇರ್ತಿದ್ವು, ದಾರಿ ಹೋಕರು ಕೂತು ಹೋಗ್ತಿದ್ರು. ಈಗ ಗೇಟು, ಗೇಟಿನ ಮ್ಯಾಲ ಮೊಳಿ. ನಮ್ಮ ಅಪ್ಪಾರನ್ನ ಕೇಳಿದೆ ಆ ನಿಮ್ಮ ಪ್ರಶ್ನೆನ, ಸುಭಾಸ ರೋಡಿಗೆ ಹೋಗಿ ನಾಕ್ ವರ್ಷ ಆತು ಅಂದ್ರು. ಯಾಕ್ರೀ ಅಂದ್ರ, "ಕೂಡಾಕ ಜಾಗಾ ಇಲ್ಲಲ್ಲೋ".

ರಿಟೈರ್ಡ್_ಮೇಷ್ಟ್ರು
ಅಂದಾಜು ಸರಿಯಾಗಿದೆ. ಭಾನುವಾರ ಆರೂವರೆಗೆ ಆ ಹೋಟೆಲ್ ಮುಂದೆ ಬನ್ನಿ, ನನ್ನ ಬ್ಯಾಚಿನವರು ಐದು ಜನ ಬರುತ್ತಾರೆ, ಒಬ್ಬರಿಗೆ ಕಿವಿ ಕೇಳುವುದಿಲ್ಲ, ಜೋರಾಗಿ ಮಾತಾಡಬೇಕು. ಷರತ್ತು ಎರಡು. ಹೋಟೆಲ್ ಮೆಟ್ಟಿಲು ಹತ್ತುವ ಮೊದಲು ರೆಕಾರ್ಡಿಂಗ್ ಆಫ್. ಮತ್ತೆ ಪೌಚಿನ ಪಟ್ಟಿ ಉದ್ದ ಇರುವುದು ತನ್ನಿ, ನನ್ನ ಸೊಂಟ 40 ಇಂಚು.